ಡಬ್ಬ ಇಲ್ಲದ ಸ್ಪೀಕರಿನ ಕಥೆ

ಸ್ಪೀಕರ್ ಅಂದ ಕೂಡಲೇ ಕಣ್ಮುಂದೆ ಬರೋದು ಒಂದು ಡಬ್ಬ. ಗಣೇಶನ ಪೆಂಡಾಲಿನಲ್ಲಿ ಆಳೆತ್ತರಕ್ಕೆ ಪೇರಿಸಿಟ್ಟಿದ್ದೂ ಡಬ್ಬ, ಟೀವಿ ಪಕ್ಕದಲ್ಲಿ ನಿಂತಿರೋದೂ ಡಬ್ಬ, ಅಂಗೈ ಮೇಲೆ ಕೂರುವ ಬ್ಲೂಟೂತ್ ಸ್ಪೀಕರೂ ಡಬ್ಬವೇ. ಆದರೆ ಶಬ್ದ ಹುಟ್ಟಿಸುವುದು ಡಬ್ಬವಲ್ಲ, ಅದರ ಮುಖದಲ್ಲಿ ಕೂತಿರುವ ಕಾಗದದ ಕೋನು. ಹಾಗಿದ್ದರೆ ಡಬ್ಬ ಯಾಕೆ ಬಂತು, ಅದಕ್ಕೆ ಮುಂಚೆ ಏನಿತ್ತು? ಕೆಲವು ವರ್ಷಗಳಿಂದ ನಾನು ಪ್ಲೈವುಡ್ ಹಲಗೆಗೆ ತೂತು ಕೊರೆದು, ಅದಕ್ಕೆ ಸ್ಪೀಕರ್ ಬಿಗಿದು, ಹಿಂಬದಿಯನ್ನು ಬಟಾಬಯಲು ಬಿಟ್ಟು ಹಾಡು ಕೇಳುವ ಹುಚ್ಚಿಗೆ ಬಿದ್ದಿದ್ದೇನೆ. ಈ ಬಗೆಗೆ ಓಪನ್ ಬ್ಯಾಫಲ್ ಅಂತ ಹೆಸರು. ಮನೆಗೆ ಬಂದವರು "ಇದಕ್ಕಿನ್ನೂ ಬಾಕ್ಸ್ ಮಾಡಿಸಿಲ್ವಾ?" ಅಂತ ಕೇಳ್ತಾರೆ. ಅವರಿಗೆ ಕೊಡಬೇಕಾದ ಉತ್ತರ ಸ್ವಲ್ಪ ಉದ್ದ ಇದೆ, 1925ರಿಂದ ಶುರು ಮಾಡಬೇಕು.

ಅಲ್ಲಿಯವರೆಗೆ ಜೋರಾಗಿ ಕೇಳಿಸಬೇಕು ಅಂದರೆ ಕಹಳೆಯೇ ಗತಿ. ಗ್ರಾಮಫೋನಿಗೆ ಇದ್ದ ಹಾಗೆ ರೇಡಿಯೋಕ್ಕೂ ಒಂದು ಹಾರ್ನ್. ಅಯಸ್ಕಾಂತದ ಸಂದಿಯಲ್ಲಿ ತಂತಿಸುರುಳಿ ಆಡಿಸುವ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಆಲಿವರ್ ಲಾಡ್ಜ್ 1898ರಲ್ಲೇ ಅದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ. ಕ್ಯಾಲಿಫೋರ್ನಿಯಾದಲ್ಲಿ ಜೆನ್ಸನ್ ಮತ್ತು ಪ್ರಿಡ್‌ಹ್ಯಾಮ್ 1915ರ ಹೊತ್ತಿಗೆ ಅಂಥ ಸುರುಳಿಗೆ ಕಹಳೆ ಜೋಡಿಸಿ, ಮೈದಾನ ತುಂಬ ಜನಕ್ಕೆ ಭಾಷಣ ಕೇಳಿಸುವ ಮ್ಯಾಗ್ನಾವಾಕ್ಸ್ ಮಾಡಿದರು. ಜೋರೇನೋ ಬಂತು, ಆದರೆ ಮೂಗಿನಿಂದ ಹಾಡಿದ ಹಾಗೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಒಂದು ಪ್ರಬಂಧ ಮಂಡಿಸಿದರು. ಕಹಳೆ ಇಲ್ಲದ ಹೊಸ ಬಗೆಯ ಧ್ವನಿವರ್ಧಕ ಅನ್ನೋದನ್ನ ಅದರ ತಲೆಬರಹದಲ್ಲೇ ಹೇಳಿದ್ದರು. ಕಾಗದದ ಕೋನು, ಅದರ ಬುಡದಲ್ಲಿ ಸುರುಳಿ, ಕೋನಿನ ಅಂಚು ಸಡಿಲ. ಕೋನು ತನ್ನಷ್ಟಕ್ಕೆ ತಾನು ಕುಣಿಯುವ ಸಹಜ ಕಂಪನವನ್ನು ಆದಷ್ಟು ಕೆಳಗೆ ಇಳಿಸಿಬಿಟ್ಟರೆ, ಅದರ ಮೇಲಿನ ಸ್ವರಗಳೆಲ್ಲ ಹೆಚ್ಚುಕಡಿಮೆ ಸಮನಾಗಿ ಬರುತ್ತವೆ ಅನ್ನೋದು ಅವರ ಲೆಕ್ಕ. ಇವತ್ತು ನಿಮ್ಮ ಮನೆಯಲ್ಲಿರುವ ಸ್ಪೀಕರ್ ಯಾವ ಕಂಪನಿಯದ್ದೇ ಆಗಲಿ, ವಂಶ ಇದೇ. ಮರುವರ್ಷ ಆರ್‌ಸಿಎ ಕಂಪನಿ ಇದನ್ನು ರೇಡಿಯೋಲಾ 104 ಅನ್ನುವ ಹೆಸರಲ್ಲಿ ಮಾರಿತು.

ಈ ಕೋನನ್ನು ಅವರು ಸುಮ್ಮನೆ ಗಾಳಿಯಲ್ಲಿ ತೂಗುಹಾಕಲಿಲ್ಲ, ಸುತ್ತ ಒಂದು ಹಲಗೆ ಕೊಟ್ಟರು. ಕಾರಣ ತಿಳಿಯೋಕೆ ಪುಸ್ತಕ ಬೇಡ. ಹಳೇ ಸ್ಪೀಕರೊಂದನ್ನು ಕೈಯಲ್ಲಿ ಹಿಡಿದು ಹಾಡು ಹಾಕಿ: ಕೀಚಲು ದನಿ, ಕೆಳಗಿನ ಸ್ವರವೇ ಇಲ್ಲ. ಒಂದು ದೊಡ್ಡ ರಟ್ಟಿಗೆ ಸರಿಯಾದ ಅಳತೆಯ ತೂತು ಮಾಡಿ, ಸ್ಪೀಕರನ್ನು ಅದಕ್ಕೆ ಒತ್ತಿ ಹಿಡಿಯಿರಿ. ತಟ್ಟಂತ ಗಂಟಲು ತುಂಬಿಕೊಳ್ಳುತ್ತೆ. ರೇಡಿಯೋ ರಿಪೇರಿ ಮಾಡಿದವರಿಗೆಲ್ಲ ಈ ತಮಾಷೆ ಗೊತ್ತು. ಕೋನು ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ತೆಳುವಾಗುತ್ತೆ. ನಡುವೆ ಅಡ್ಡ ಏನೂ ಇಲ್ಲದಿದ್ದರೆ ಮುಂದಿನದು ಸುತ್ತಿ ಹಿಂದಕ್ಕೆ ಹರಿದು ಎರಡೂ ವಜಾ ಆಗುತ್ತವೆ. ಮೇಲಿನ ಸ್ವರಗಳ ಅಲೆ ಗಿಡ್ಡ, ಸುತ್ತಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತೆ. ಕೆಳಗಿನ ಸ್ವರದ ಅಲೆ ಉದ್ದ: 50 ಹರ್ಟ್ಸಿನ ಅಲೆ ಸುಮಾರು 7 ಮೀಟರ್! ಅದರ ಮುಂದೆ ನಮ್ಮ 4 ಅಡಿಯ ಹಲಗೆ ಏನೇನೂ ಅಲ್ಲ. ಲೆಕ್ಕ ಹಾಕಿದರೆ ಅಂಥ ಹಲಗೆ ಸುಮಾರು 140 ಹರ್ಟ್ಸ್ ತನಕ ಕೈಹಿಡಿಯುತ್ತೆ, ಅಲ್ಲಿಂದ ಕೆಳಗೆ ನಿಧಾನಕ್ಕೆ ಕೈಬಿಡುತ್ತಾ ಹೋಗುತ್ತೆ.

ಹಲಗೆಯನ್ನು ಬಾಗಿಸಿ ಪಕ್ಕಗಳನ್ನು ಹಿಂದಕ್ಕೆ ಮಡಿಸಿದರೆ ಏನಾಗುತ್ತೆ? ರೇಡಿಯೋ ಪೆಟ್ಟಿಗೆ ಆಗುತ್ತೆ. ನಮ್ಮ ಅಜ್ಜಂದಿರ ಕಾಲದ ವಾಲ್ವ್ ರೇಡಿಯೋಗಳೆಲ್ಲ ಇದೇ ಜಾತಿ. ಮುಂದೆ ಬಟ್ಟೆ, ನಾಲ್ಕು ಕಡೆ ಪಾಲಿಶ್ ಮಾಡಿದ ಮರ, ಹಿಂದೆ ತೂತು ತೂತಿನ ಒಂದು ರಟ್ಟು. ವಾಲ್ವುಗಳ ಬಿಸಿ ಹೊರಗೆ ಹೋಗಬೇಕಲ್ಲ, ಹಿಂಬದಿ ಮುಚ್ಚುವ ಹಾಗೇ ಇರಲಿಲ್ಲ. ಇನ್ನೊಂದು ಜಾಣತನವೂ ಅದರೊಳಗಿತ್ತು. 1930ರ ದಶಕದ ಎಷ್ಟೋ ಸೆಟ್ಟುಗಳ ಸ್ಪೀಕರಿಗೆ ಕಾಯಂ ಅಯಸ್ಕಾಂತ ಇರಲಿಲ್ಲ. ವಿದ್ಯುತ್ ಹರಿಸಿ ಅಯಸ್ಕಾಂತ ಮಾಡುವ ದಪ್ಪ ಸುರುಳಿ ಇರುತ್ತಿತ್ತು, ಅದೇ ಸುರುಳಿ ರೇಡಿಯೋದ ಪವರ್ ಸಪ್ಲೈನ ಗುಂಯ್ ಅನ್ನುವ ಸದ್ದನ್ನೂ ಅಡಗಿಸುತ್ತಿತ್ತು. ಒಂದೇ ಕಲ್ಲಿಗೆ ಎರಡು ಹಕ್ಕಿ ಅಂದರೆ ಇದೇ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿ ಅದಕ್ಕೆ ಆಕಾಶವಾಣಿ ಅಂತ ಹೆಸರಿಟ್ಟರು. ಆ ಪ್ರಸಾರವನ್ನು ಮೊದಲು ಕೇಳಿದ ಕಿವಿಗಳಿಗೆ ದನಿ ತಲುಪಿಸಿದ್ದು ಇಂಥ ಸೆಟ್ಟುಗಳೇ. ಮುಂದೆ ಸಿಲೋನಿನ ಹಾಡು ಬಂತು, 1957ರಲ್ಲಿ ವಿವಿಧ ಭಾರತಿ ಬಂತು. "ಹಳೇ ರೇಡಿಯೋ ದನಿಯೇ ಬೇರೆ" ಅಂತ ಹಿರಿಯರು ಹೇಳುವಾಗ ಅದರಲ್ಲಿ ನೆನಪಿನ ಸಿಹಿ ಎಷ್ಟು, ವಾಲ್ವಿನ ಪಾಲೆಷ್ಟು ಅಂತ ಜಗಳ ಆಡಬಹುದು. ನನ್ನ ಪ್ರಕಾರ ವಾಲ್ವಿಗೆ ಸಿಗುವ ಹೊಗಳಿಕೆಯಲ್ಲಿ ಒಂದು ದೊಡ್ಡ ಪಾಲು ಆ ತೆರೆದ ಬೆನ್ನಿಗೆ ಸೇರಬೇಕು. ದನಿ ಪೆಟ್ಟಿಗೆಯೊಳಗಿಂದ ಬಂದ ಹಾಗೆ ಕೇಳಿಸುವುದಿಲ್ಲ. ಹಿಂದಿನ ಗೋಡೆಗೂ ತಾಗಿ, ಕೋಣೆಯಲ್ಲೇ ಹುಟ್ಟಿದ ಹಾಗೆ ಇರುತ್ತೆ.

ಹಾಗಾದರೆ ಡಬ್ಬ?

ದೊಡ್ಡ ಹಲಗೆಯ ಪರಂಪರೆಯಲ್ಲಿ ನನಗೆ ತುಂಬ ಇಷ್ಟವಾದ ಮನುಷ್ಯ ಗಿಲ್ಬರ್ಟ್ ಬ್ರಿಗ್ಸ್. ಇಂಗ್ಲೆಂಡಿನ ಯಾರ್ಕ್‌ಶೈರಿನ ಬಟ್ಟೆ ವ್ಯಾಪಾರಿ, ಪಿಯಾನೋ ಹುಚ್ಚ. 1932ರಲ್ಲಿ ಇಲ್ಕ್‌ಲಿ ಊರಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಸ್ಪೀಕರ್ ಮಾಡಲು ಕೂತ. ಹತ್ತಿರದ ವಾರ್ಫ್ ನದಿಯ ಕಣಿವೆಯ ಹೆಸರನ್ನೇ ಕಂಪನಿಗೆ ಇಟ್ಟ, ವಾರ್ಫ್‌ಡೇಲ್ ಅಂತ. 1948ರಲ್ಲಿ ಸ್ಪೀಕರುಗಳ ಬಗ್ಗೆ ಸಾಮಾನ್ಯ ಓದುಗರಿಗೆ ಅರ್ಥವಾಗುವ ಪುಸ್ತಕ ಬರೆದ. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಟಿಕೆಟ್ಟು ಇಟ್ಟು, ವೇದಿಕೆಯ ಮೇಲಿನ ಜೀವಂತ ಸಂಗೀತವನ್ನೂ ರೆಕಾರ್ಡನ್ನೂ ಒಂದರ ಪಕ್ಕ ಒಂದು ಕೇಳಿಸಿದ. ಎಂಥ ಧೈರ್ಯ! ಹಲಗೆ ತಾನೇ ಅದುರಿ ದನಿ ಸೇರಿಸುವುದು ಅವನನ್ನು ಕಾಡಿದ ತೊಂದರೆ. ಅದಕ್ಕೆ ಎರಡು ಪ್ಲೈವುಡ್ ಹಾಳೆಗಳ ನಡುವೆ ಒಣ ಮರಳು ತುಂಬಿದ. ಮರಳಿನ ಕಣಗಳು ಒಂದಕ್ಕೊಂದು ಉಜ್ಜಿ ಅದುರನ್ನು ನುಂಗಿಬಿಡುತ್ತವೆ. 1950ರ ದಶಕದಲ್ಲಿ ಮೂರು ಸ್ಪೀಕರ್ ಹೊತ್ತ ಅಂಥದೊಂದು ಮರಳು ಹಲಗೆಯನ್ನು ಎಸ್‌ಎಫ್‌ಬಿ/3 ಅಂತ ಮಾರಿದ. ಅದನ್ನು ಎತ್ತಿ ಇಡೋಕೆ ಮನೆಯಲ್ಲಿ ಇಬ್ಬರು ಗಟ್ಟಿ ಆಳು ಬೇಕಿತ್ತು ಅನ್ನೋದು ಬೇರೆ ಮಾತು.

ಅದೇ ಹೊತ್ತಿಗೆ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಎಡ್ಗರ್ ವಿಲ್ಚರ್ ಬೇರೆ ದಾರಿ ಹಿಡಿದಿದ್ದ. ಕೋನಿನ ಅಂಚನ್ನು ತೀರಾ ಮೆತ್ತಗೆ ಮಾಡಿ, ಚಿಕ್ಕ ಡಬ್ಬದಲ್ಲಿ ಗಾಳಿಯಾಡದ ಹಾಗೆ ಮುಚ್ಚಿದರೆ, ಒಳಗಿನ ಗಾಳಿಯೇ ಸ್ಪ್ರಿಂಗಿನ ಕೆಲಸ ಮಾಡುತ್ತೆ. ಬಟ್ಟೆ, ಕಾಗದದ ಸ್ಪ್ರಿಂಗಿಗಿಂತ ಈ ಗಾಳಿಯ ಸ್ಪ್ರಿಂಗ್ ಎಷ್ಟೋ ನಿಯತ್ತಿನದು. 1954ರಲ್ಲಿ ಹೆನ್ರಿ ಕ್ಲಾಸ್ ಜೊತೆ ಸೇರಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಕಟ್ಟಿ, ಎಆರ್-1 ಅನ್ನುವ ಸ್ಪೀಕರ್ ತಂದ. ಬೀರುವಿನಷ್ಟು ದೊಡ್ಡ ಪೆಟ್ಟಿಗೆಗಳು ಕೊಡುತ್ತಿದ್ದ ಬೇಸ್ ಕಪಾಟಿನಲ್ಲಿ ಇಡಬಹುದಾದ ಡಬ್ಬದಿಂದ ಬಂತು. ಪೇಟೆಂಟ್ ವಿಚಾರದಲ್ಲಿ ಎಲೆಕ್ಟ್ರೋ-ವಾಯ್ಸ್ ಕಂಪನಿ ಜೊತೆ ವ್ಯಾಜ್ಯವಾಗಿ ವಿಲ್ಚರ್ ಸೋತ, ಇಂಥದ್ದೇ ಉಪಾಯವನ್ನು ಆರ್‌ಸಿಎಯ ಹ್ಯಾರಿ ಓಲ್ಸನ್ ಮೊದಲೇ ದಾಖಲಿಸಿದ್ದರಿಂದ. ಅಲ್ಲಿಗೆ ಮುಚ್ಚಿದ ಡಬ್ಬ ಎಲ್ಲರ ಸೊತ್ತಾಯಿತು.

ನಿರ್ಣಾಯಕ ಪೆಟ್ಟು ಕೊಟ್ಟಿದ್ದು ಮಾತ್ರ ಸ್ಟೀರಿಯೋ. 1958ರ ಹೊತ್ತಿಗೆ ಸ್ಟೀರಿಯೋ ಎಲ್‌ಪಿ ರೆಕಾರ್ಡುಗಳು ಅಂಗಡಿಗೆ ಬಂದವು. ಒಂದು ಸ್ಪೀಕರ್ ಇದ್ದ ಕಡೆ ಎರಡು ಬೇಕಾದವು. ಒಂದು ಮರಳು ಹಲಗೆಗೆ ಹೇಗೋ ಮೂಲೆ ಬಿಟ್ಟುಕೊಟ್ಟಿದ್ದ ಮನೆಯವರು ಎರಡನೆಯದಕ್ಕೆ ಒಪ್ಪುತ್ತಾರಾ? ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ, ಇಂಥ ಸ್ಪೀಕರಿಗೆ ಇಷ್ಟೇ ಲೀಟರಿನ ಡಬ್ಬ ಅಂತ ಹೇಳುವ ಲೆಕ್ಕವನ್ನೂ ಕೊಟ್ಟುಬಿಟ್ಟರು. ಡಬ್ಬ ಗೆದ್ದದ್ದು ದನಿಯಿಂದ ಅಂತ ನಾನು ಒಪ್ಪಲ್ಲ. ಅದು ಗೆದ್ದದ್ದು ಜಾಗದಿಂದ, ಸಾಗಾಣಿಕೆಯಿಂದ, ಅಂಗಡಿಯ ಶೆಲ್ಫಿನಿಂದ. ಹಲಗೆಯನ್ನು ಯಾವ ಊರಿನ ಬಡಗಿ ಬೇಕಾದರೂ ಮಧ್ಯಾಹ್ನದೊಳಗೆ ಮಾಡಿಕೊಡ್ತಾನೆ. ಅದನ್ನು ಪ್ಯಾಕ್ ಮಾಡಿ ಮಾರೋಕೆ ಏನಿದೆ?

ಡಬ್ಬ ಬಂದ ಮೇಲೆ ಅದರೊಳಗಿನ ಸ್ಪೀಕರೂ ಬದಲಾಯಿತು, ಇದನ್ನು ಜನ ಗಮನಿಸೋದು ಕಡಿಮೆ. ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತ ಚಿಕ್ಕದು, ಬಡಪಾಯಿ. ಸಹಜ ಕಂಪನದ ಹತ್ತಿರ ಕೋನನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ, ಹಾಗಾಗಿ ಅಲ್ಲಿ ದನಿ ಸ್ವಲ್ಪ ಉಬ್ಬುತ್ತೆ. ತೆರೆದ ಹಲಗೆ ಅದೇ ಜಾಗದಲ್ಲಿ ದನಿ ಕಳೆಯುತ್ತೆ. ಉಬ್ಬು ಒಂದು ಕಡೆ, ತಗ್ಗು ಒಂದು ಕಡೆ, ಎರಡೂ ಸೇರಿ ಸಪಾಟು. ಥೀಲ್-ಸ್ಮಾಲ್ ಲೆಕ್ಕದಲ್ಲಿ ಈ ಹಿಡಿತಕ್ಕೆ ಕ್ಯೂಟಿಎಸ್ ಅಂತ ಒಂದು ಅಂಕಿ ಇದೆ. ಡಬ್ಬಕ್ಕೆ ಅದು 0.3ರಿಂದ 0.5ರ ಆಸುಪಾಸು ಇದ್ದರೆ ಚೆನ್ನ, ಹಲಗೆಗೆ 0.7ಕ್ಕಿಂತ ಮೇಲಿರಬೇಕು. ಈಗಿನ ದುಬಾರಿ, ದಪ್ಪ ಅಯಸ್ಕಾಂತದ ಸ್ಪೀಕರನ್ನು ಹಲಗೆಗೆ ಹಾಕಿದರೆ ಬೇಸೇ ಬರಲ್ಲ. ಹಳೇದನ್ನು ಡಬ್ಬಕ್ಕೆ ಹಾಕಿದರೆ ಬೊಂಯ್ ಬೊಂಯ್ ಅನ್ನುತ್ತೆ, ಮೆಕ್ಯಾನಿಕ್ಕು "ಇದು ವೇಸ್ಟ್ ಸಾರ್" ಅಂತ ಗುಜರಿಗೆ ಎಸೀತಾನೆ. ಹಳೇ ರೇಡಿಯೋ ಸರಿಮಾಡಿಸುವವರು ಚೆಂದ ಕಾಣಲಿ ಅಂತ ಹಿಂದಿನ ರಟ್ಟು ತೆಗೆದು ಗಟ್ಟಿ ಪ್ಲೈವುಡ್ ಬಡಿಸಿರೋದನ್ನೂ ನೋಡಿದ್ದೀನಿ. ಸ್ಪೀಕರಿಗೆ ಅದರ ಜೋಡಿ ಕಳಚಿದ ಮೇಲೆ ದನಿ ಕೆಟ್ಟಿದ್ದಕ್ಕೆ ಪಾಪ ಅದೇನು ಮಾಡೀತು?

ಹಲಗೆಯ ದಾರಿ ಪೂರ್ತಿ ಮುಚ್ಚಲಿಲ್ಲ. ಇಂಗ್ಲೆಂಡಿನ ಪೀಟರ್ ವಾಕರ್ 1957ರಲ್ಲಿ ತಂದ ಕ್ವಾಡ್ ಸ್ಪೀಕರಿನಲ್ಲಿ ಕೋನೂ ಇಲ್ಲ, ಡಬ್ಬವೂ ಇಲ್ಲ. ಸಾವಿರಾರು ವೋಲ್ಟಿನ ನಡುವೆ ಬಿಗಿದ ತೆಳು ಪ್ಲಾಸ್ಟಿಕ್ ಹಾಳೆ ಮುಂದಕ್ಕೂ ಹಿಂದಕ್ಕೂ ಹಾಡುತ್ತೆ. ಅಮೆರಿಕದ ಜಿಮ್ ವೈನಿ 1969ರಲ್ಲಿ ಕಟ್ಟಿದ ಮ್ಯಾಗ್ನೆಪ್ಯಾನ್ ಕಂಪನಿಯದೂ ತೆರೆದ ಬೆನ್ನಿನ ಹಾಳೆಯೇ. ಇವು ಉಳ್ಳವರ ಆಟಿಕೆಗಳು. ಕೋನಿನ ಸ್ಪೀಕರನ್ನು ಮತ್ತೆ ಹಲಗೆಗೆ ತಂದು ಹವ್ಯಾಸಿಗಳ ಕೈಗಿಟ್ಟಿದ್ದು ಬಹುಪಾಲು ಸೀಗ್‌ಫ್ರೀಡ್ ಲಿಂಕ್‌ವಿಟ್ಸ್.

ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ, ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯಲ್ಲಿ ಮೈಕ್ರೋವೇವ್ ಅಳೆಯುವ ಉಪಕರಣ ಮಾಡುತ್ತಿದ್ದ ಎಂಜಿನಿಯರ್ ಈತ, ಸ್ಪೀಕರ್ ಬಿಡುವಿನ ವೇಳೆಯ ಗೀಳು. ಸಹೋದ್ಯೋಗಿ ರಸ್ ರೈಲಿ ಜೊತೆ ಯೋಚಿಸಿ 1976ರಲ್ಲಿ ಪ್ರಕಟಿಸಿದ ಕ್ರಾಸ್‌ಓವರ್ ಇವತ್ತು ಅವರಿಬ್ಬರ ಹೆಸರಲ್ಲೇ ಇದೆ, ನಮ್ಮೂರ ಆರ್ಕೆಸ್ಟ್ರಾದವರ ಸೌಂಡ್ ಸಿಸ್ಟಮ್ಮಿನಲ್ಲೂ ಅದೇ ಇರುತ್ತೆ. ಹಲಗೆ ಕಳೆಯುವ ಬೇಸನ್ನು ಹಲಗೆ ದೊಡ್ಡದು ಮಾಡಿ ತರುವ ಬದಲು, ಸರ್ಕ್ಯೂಟಿನಲ್ಲೇ ಅಷ್ಟು ಏರಿಸಿಬಿಡಿ, ಒಂದೊಂದು ಸ್ಪೀಕರಿಗೂ ಒಂದೊಂದು ಆಂಪ್ಲಿಫೈಯರ್ ಕೊಡಿ ಅಂದ. ರೈಸ್-ಕೆಲಾಗ್ ಕಾಲಕ್ಕೆ ಇದು ಆಗದ ಮಾತು, ಆಂಪ್ಲಿಫೈಯರ್ ಆಗ ಚಿನ್ನದಷ್ಟು ತುಟ್ಟಿ. ಇದಕ್ಕೆ ತೆರಬೇಕಾದ ಬೆಲೆಯನ್ನೂ ಆತ ಮುಚ್ಚಿಡಲಿಲ್ಲ. ಒಂದು ಆಕ್ಟೇವ್ ಕೆಳಗಿಳಿದಾಗ ಅಷ್ಟೇ ಜೋರು ಬೇಕಿದ್ದರೆ, ಮುಚ್ಚಿದ ಡಬ್ಬದ ಕೋನು 4 ಪಟ್ಟು ದೂರ ಓಡಬೇಕು, ತೆರೆದ ಹಲಗೆಯ ಕೋನು 8 ಪಟ್ಟು. ದೊಡ್ಡ ಕೋನು, ಒಂದಲ್ಲ ಎರಡು, ಬೇಕೇ ಬೇಕು. 2002ರಲ್ಲಿ ಒರಾಯನ್ ಅನ್ನುವ ವಿನ್ಯಾಸ ಬಂತು, ಆಮೇಲೆ ಎಲ್‌ಎಕ್ಸ್521. ಹಿಂದಿನ ತತ್ವ, ಅಳತೆ, ಲೆಕ್ಕ ಯಾವುದನ್ನೂ ಬಚ್ಚಿಡಲಿಲ್ಲ. 2018ರಲ್ಲಿ ತೀರಿಕೊಂಡ.

ಆತ ಒತ್ತಿ ಹೇಳುತ್ತಿದ್ದ ಇನ್ನೊಂದು ಗುಣ ಅಪಾರ್ಟ್‌ಮೆಂಟಿನವರಿಗೆ ಉಪಯೋಗದ್ದು. ಹಲಗೆಯ ದನಿ ಹರಡುವ ಆಕಾರ ಇಂಗ್ಲಿಷಿನ 8ರ ಹಾಗೆ: ಮುಂದೆ ಇದೆ, ಹಿಂದೆ ಇದೆ, ಪಕ್ಕಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಎದುರು ಕೂತವರಿಗೆ ಅಷ್ಟೇ ಜೋರು ಕೇಳಿಸಿದರೂ, ಕೋಣೆಗೆ ಸುರಿಯುವ ಒಟ್ಟು ಶಬ್ದಶಕ್ತಿ ಎಲ್ಲ ದಿಕ್ಕಿಗೂ ಹರಡುವ ಸ್ಪೀಕರಿನ ಮೂರನೇ ಒಂದು ಪಾಲು ಮಾತ್ರ. ಮೂಲೆಗಳಲ್ಲಿ ಬೇಸ್ ಗುಂಯ್‌ಗುಡೋದು ಕಡಿಮೆ. ಆದರೆ ಹಲಗೆಯ ಹಿಂದೆ 3 ಅಡಿಯಾದರೂ ಖಾಲಿ ಬಿಡಬೇಕು, 10ಕ್ಕೆ 12ರ ಹಾಲಿನಲ್ಲಿ ಅದು ಸಂಸಾರದ ಪ್ರಶ್ನೆ.

ಬೆಂಗಳೂರಿನಲ್ಲಿ ಈ ಹವ್ಯಾಸಕ್ಕೆ ಬೇಕಾದ್ದೆಲ್ಲ ಎಸ್‌.ಪಿ. ರೋಡಿನ ಸುತ್ತಮುತ್ತ ಸಿಗುತ್ತೆ. 8ಕ್ಕೆ 4 ಅಡಿಯ 18 ಮಿಲಿಮೀಟರ್ ಪ್ಲೈವುಡ್ ಒಂದು ಹಾಳೆ ತಂದರೆ ಸರಿಯಾಗಿ ಎರಡು ಹಲಗೆ. ತೂತನ್ನು ನಟ್ಟನಡುವೆ ಕೊರೀಬಾರದು, ಸ್ವಲ್ಪ ಓರೆಗೆ ಸರಿಸಬೇಕು. ಎಲ್ಲ ಅಂಚೂ ಒಂದೇ ದೂರದಲ್ಲಿದ್ದರೆ ಹಿಂದಿನ ಅಲೆ ಎಲ್ಲ ಕಡೆಯಿಂದ ಒಟ್ಟಿಗೇ ಬಂದು ಒಂದೇ ಸ್ವರವನ್ನು ಕೆಡಿಸುತ್ತೆ. ನನ್ನ ಹಲಗೆಯಲ್ಲಿರೋದು ಗುಜರಿಯಿಂದ ಬಂದ ವಾಲ್ವ್ ರೇಡಿಯೋದ ಮೊಟ್ಟೆಯಾಕಾರದ ಸ್ಪೀಕರ್ ಜೋಡಿ. ಮಲ್ಲಿಕಾರ್ಜುನ ಮನ್ಸೂರರ ಹಳೇ ರೆಕಾರ್ಡಿಂಗ್ ಹಾಕಿದರೆ ಗಂಟಲಿನ ಒಂದೊಂದು ತಿರುವೂ ಎದುರಿಗೆ ಕೂತು ಹಾಡಿದಷ್ಟು ಬಿಡಿಬಿಡಿ. ಮೃದಂಗದ ಎಡಗೈ ಪೆಟ್ಟು ಮಾತ್ರ ಅರ್ಧಕ್ಕೇ ನಿಲ್ಲುತ್ತೆ, ಈಗಿನ ಸಿನಿಮಾ ಹಾಡಿನ ಡ್ರಮ್ಮಂತೂ ಕೇಳೋದೇ ಬೇಡ. ಅದಕ್ಕಾಗಿ ಕೆಳಗೆ ಇನ್ನೊಂದು ಹಲಗೆಗೆ 15 ಇಂಚಿನದೊಂದು ಸ್ಪೀಕರ್ ಕೂರಿಸುವ ಕೆಲಸ ನಡೀತಾ ಇದೆ, ಅದಕ್ಕೆ ಬೇರೆ ಆಂಪ್ಲಿಫೈಯರ್. ಅಂಗಡಿಯಲ್ಲಿ ದಪ್ಪ ಅಯಸ್ಕಾಂತದ್ದನ್ನೇ ತೋರಿಸ್ತಾರೆ. "ಚಿಕ್ಕ ಮ್ಯಾಗ್ನೆಟ್ಟಿಂದು ಇದ್ರೆ ಕೊಡಿ" ಅಂದರೆ ದುಡ್ಡಿಲ್ಲದ ಗಿರಾಕಿ ಅಂದ್ಕೊಂಡು ಒಳಗಿಂದ ಧೂಳು ಹಿಡಿದ ಪೆಟ್ಟಿಗೆ ಹುಡುಕಿ ತರ್ತಾರೆ.