ಭಟ್ಕಳ, ಹೊನ್ನಾವರ, ಕುಮಟಾ: ಮನೆತನದ ಚರಿತ್ರೆ ಹುಡುಕುವವರಿಗೆ

ಉತ್ತರ ಕನ್ನಡದ ಈ ಮೂರು ತಾಲ್ಲೂಕುಗಳಿಗೆ ಕಾಳುಮೆಣಸಿನ ಆಸೆಗೆ ಅರಬರು ಬಂದರು, ಪೋರ್ಚುಗೀಸರು ಬಂದರು. ಗೋವೆ ಬಿಟ್ಟ ಸಾರಸ್ವತರು ಇಲ್ಲೇ ನೆಲೆಯೂರಿದರು. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಖಾರ್ವಿಗಳು, ಹವ್ಯಕರು, ನವಾಯತರು ಪಕ್ಕಪಕ್ಕದಲ್ಲೇ ಬಾಳಿದ ನೆಲವಿದು. ಇಲ್ಲಿ ಹಿರಿಯರ ಸುಳಿವು ಹುಡುಕುವವರು ಅಡ್ಡಹೆಸರಿನಿಂದ ಶುರುಮಾಡಿ ಅಡುಗೆಮನೆಗೆ ಬರುವುದು ಒಳ್ಳೆಯದು. ಕೋಟೆ-ರಾಣಿಯರ ಕಥೆಗಳನ್ನು ಮಾತ್ರ ಸ್ವಲ್ಪ ಅನುಮಾನದಿಂದಲೇ ಕೇಳಬೇಕು.

ಅಡ್ಡಹೆಸರಿನೊಳಗಿನ ಊರು

ಚಿತ್ರಾಪುರ ಸಾರಸ್ವತರ ಮಠ ಇರುವುದು ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿ. ಅವರ ಹೆಸರುಗಳನ್ನು ಓದಿದರೆ ಕರಾವಳಿಯ ನಕಾಶೆಯೇ ಬಿಚ್ಚಿಕೊಳ್ಳುತ್ತದೆ: ಹಳದೀಪುರ, ಕಾಯ್ಕಿಣಿ, ಮಂಕೀಕರ, ಚಂದಾವರಕರ. 1900ರಲ್ಲಿ ಲಾಹೋರ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ನಾರಾಯಣ ಗಣೇಶ ಚಂದಾವರಕರರು 1855ರಲ್ಲಿ ಹುಟ್ಟಿದ್ದು ಹೊನ್ನಾವರದಲ್ಲಿ. ಹೆಸರಿನಲ್ಲಿರುವ ಚಂದಾವರ ಕುಮಟಾ-ಹೊನ್ನಾವರಗಳ ನಡುವಿನ ಹಳ್ಳಿ. ಅಂದರೆ ಅಡ್ಡಹೆಸರು ಹೇಳುವುದು ಹುಟ್ಟೂರನ್ನಲ್ಲ, ಹಿಂದಿನ ತಲೆಮಾರೊಂದರ ಊರನ್ನು.

ಕೆಲವು ಹೆಸರುಗಳಲ್ಲಿ ಊರಿನ ಬದಲು ಹುದ್ದೆ ಇರುತ್ತದೆ. ಶಾನಭಾಗ ಊರಿನ ಲೆಕ್ಕ ಬರೆದವನು. ಭಟ್ಕಳದ ನವಾಯತ ಮುಸ್ಲಿಮರಲ್ಲಿರುವ ಶಾಬಂದ್ರಿ ಹೆಸರಿನ ಹಿಂದೆ ಬಂದರಿನ ಅಧಿಕಾರಿ ಶಾಬಂದರ ಇದ್ದಾನೆ.

ಇನ್ನೊಂದು ಮಾತು. ಈ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಓದು, ನೌಕರಿ ಎಲ್ಲಕ್ಕೂ ಜನ ಮುಂಬಯಿಯತ್ತ ಹೊರಟರು. ಆ ಕಾಲದ ಕಾಗದಪತ್ರಗಳಿಗೆ ಬೆಂಗಳೂರಿನಲ್ಲಿ ಮಾತ್ರ ತಡಕಾಡಿದರೆ ಸಾಲದು.

ಮೆಣಸಿನ ರಾಣಿ ಮತ್ತು ಮಿರ್ಜಾನ್ ಕೋಟೆ

16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆ ಅವಳು ಕಟ್ಟಿಸಿದ್ದು ಎಂಬುದು ಜನರ ಮಾತು. ಬಿಜಾಪುರದ ಸರದಾರ ಶರೀಫ್-ಉಲ್-ಮುಲ್ಕನದು ಎನ್ನುವವರೂ ಉಂಟು. ಜಗಳ ಬಗೆಹರಿಸುವ ಉಸಾಬರಿ ಬೇಡವೆನ್ನುವವರು ಗೇರುಸೊಪ್ಪೆಯ ಕಾಡಿನೊಳಗಿನ ಚತುರ್ಮುಖ ಬಸದಿಗೆ ಹೋಗಿ ಬರಲಿ. ನಾಲ್ಕು ದಿಕ್ಕಿಗೂ ಬಾಗಿಲಿರುವ ಆ ಕಲ್ಲುಕಟ್ಟಡ, ಇಲ್ಲಿ ಹಣವಂತ ಜೈನ ಪಟ್ಟಣವೊಂದಿತ್ತು ಎಂಬುದನ್ನು ಯಾವ ಕಥೆಗಿಂತಲೂ ಗಟ್ಟಿಯಾಗಿ ಹೇಳುತ್ತದೆ.

ತಟ್ಟೆಯಲ್ಲಿ ಉಳಿದದ್ದು

14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ ಅಲ್ಲಿನ ಸುಲ್ತಾನನ ಮನೆಯ ಊಟವನ್ನು ಸಾಲಾಗಿ ವರ್ಣಿಸಿದ್ದಾನೆ. ತಾಮ್ರದ ತಟ್ಟೆಯಲ್ಲಿ ಅನ್ನ, ಮೇಲೆ ತುಪ್ಪ, ಬದಿಗೆ ಉಪ್ಪಿನಲ್ಲಿಟ್ಟ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು, ತರಕಾರಿ. ಕೊನೆಗೆ ಮೊಸರು, ಕುಡಿಯಲು ಬಿಸಿನೀರು. ರೊಟ್ಟಿಯ ಸುದ್ದಿಯೇ ಇಲ್ಲ. ಈ ಕರಾವಳಿಯಲ್ಲಿ ಬಾಳೆಲೆ ಹಾಕಿ ಉಂಡವರಿಗೆ ಈ ಕ್ರಮ ಗುರುತು ಸಿಗದೇ ಇರದು.

ಭಟ್ಕಳದ ಬಿರಿಯಾನಿಯಲ್ಲಿ ಈರುಳ್ಳಿಯದೇ ದರ್ಬಾರು. ಮಸಾಲೆಯನ್ನೂ ಅನ್ನವನ್ನೂ ಬೇರೆಬೇರೆ ಬೇಯಿಸಿ ಪದರ ಹಾಕುತ್ತಾರೆ. ಅನ್ನದ ಬದಲು ಶ್ಯಾವಿಗೆ ಹಾಕಿದ ಬಿರಿಯಾನಿಯೂ ಇದೆ. ಮೀನಡುಗೆಯಲ್ಲಿ ಗುರುತಿನ ಚೀಟಿ ಜುಮ್ಮನಕಾಯಿ ಎಂಬ ಮಸಾಲೆಕಾಯಿ. ಕಾಯಿತುರಿ, ಒಣಮೆಣಸು, ಹುಣಸೆ ನುಣ್ಣಗೆ ರುಬ್ಬಿ ಕುದಿಸಿ, ಬಂಗುಡೆ ಬಿಟ್ಟ ಮೇಲೆ ಜಜ್ಜಿದ ಜುಮ್ಮನಕಾಯಿ ಹಾಕಿ, ಹಸಿ ತೆಂಗಿನೆಣ್ಣೆ ಸುರಿದು ಮುಚ್ಚಿಡುತ್ತಾರೆ. ಒಗ್ಗರಣೆ ಇಲ್ಲ. ಅಜ್ಜಿ "ಹುಣಸೆ ಇಷ್ಟು" ಎಂದು ಬೆರಳಲ್ಲಿ ತೋರಿಸಿದರೆ ಅದನ್ನು ಅಲ್ಲೇ ತೂಗಿ ಬರೆದುಕೊಳ್ಳಿ. "ಒಂದು ಸಿದ್ದೆ" ಎಂದರೆ ಆ ಮನೆಯ ಸಿದ್ದೆಯನ್ನೇ ತರಿಸಿ ಅಳೆಯಿರಿ.

ಅಕ್ಕಿಯ ಹಿಂದಿನ ಗದ್ದೆ

ಅಘನಾಶಿನಿ ಅಳಿವೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಕುಮಟಾದ ಮಾಣಿಕಟ್ಟಾದಂಥ ಕಡೆ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಿತ್ತು. ಅಷ್ಟಿಷ್ಟು ಇಂದಿಗೂ ಇದೆ. ಮಳೆ ಉಪ್ಪನ್ನು ತೊಳೆದ ಮೇಲೆ ಬಿತ್ತನೆ, ಗೊಬ್ಬರದ ಗೊಡವೆಯಿಲ್ಲ, ಕೊಯ್ಲಿನಲ್ಲಿ ತೆನೆ ಮಾತ್ರ. ನೀರಿನಲ್ಲಿ ಬಿಟ್ಟ ಹುಲ್ಲು ಮೀನು, ಸಿಗಡಿಗೆ ಮೇವು. ಕಟ್ಟೆ ಒಡೆದು, ಗಜನಿಗಳು ಸಿಗಡಿ ಕೃಷಿಯ ಪಾಲಾದಂತೆ ಬಿತ್ತನೆ ಕುಗ್ಗಿತು. ಈ ಭಾಗದ ಮನೆಯ ಗಂಜಿಯ ಬಗ್ಗೆ ಕೇಳುವಾಗ ಅಕ್ಕಿ ಯಾವುದು, ಗದ್ದೆ ಯಾರದು, ಬಿತ್ತುವುದನ್ನು ಯಾವಾಗ, ಯಾಕೆ ಬಿಟ್ಟರು ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು.