ನೀರಿನ ಗುರುತು, ರಕ್ತದ ಗುರುತು

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಒಂದು ಪುಟ್ಟ ಕೊಳವಿದೆ. ಮನಸ್ಸಿನಲ್ಲಿ ಕೋರಿಕೆ ಇಟ್ಟುಕೊಂಡು ಬಂದ ಭಕ್ತರು, ನೀರಿನಿಂದ ತೇಲಿಬಂದದ್ದನ್ನು ಗಂಗಮ್ಮನ ಉತ್ತರವೆಂದು ಸ್ವೀಕರಿಸುತ್ತಾರೆ. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಅಲ್ಲಿ ಕಾದು ಕುಳಿತಿದ್ದೆ. ಈಗ ವೈದ್ಯಕೀಯ ಚರಿತ್ರೆಯಲ್ಲಿ ಸಂಶೋಧನೆ ಮಾಡುವಾಗ ಆ ಕೊಳ ಮತ್ತೆ ಮತ್ತೆ ನೆನಪಾಗುತ್ತದೆ. ಒಳಗಿರುವ ಕಾಣದ್ದನ್ನು ಹೊರಬಂದ ಗುರುತಿನಿಂದ ತಿಳಿಯುವ ಆಸೆ ವೈದ್ಯರದೂ ಹೌದು.

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದಕ್ಕೆ ಒಳ್ಳೆಯ ಉದಾಹರಣೆ. ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುವ ಕಾಯಿಲೆಯಿದು. 1868ರಲ್ಲಿ ಪ್ಯಾರಿಸ್ಸಿನ ಷಾರ್ಕೊ ಇದನ್ನು ವಿವರಿಸಿದಾಗ ಖಚಿತ ಗುರುತು ಸಿಗುತ್ತಿದ್ದುದು ಶವಪರೀಕ್ಷೆಯಲ್ಲಿ. 1942ರಲ್ಲಿ ಎಲ್ವಿನ್ ಕಬಾಟ್ ಮತ್ತು ಸಂಗಡಿಗರು ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಗಾಮಾ ಗ್ಲಾಬ್ಯುಲಿನ್ ಹೆಚ್ಚಿರುವುದನ್ನು ತೋರಿಸಿದರು. ಆದರೆ ಆ ದ್ರವ ಬೇಕೆಂದರೆ ಸೊಂಟಕ್ಕೆ ಸೂಜಿ ಚುಚ್ಚಬೇಕು. ರಕ್ತದಲ್ಲೇ ಗುರುತು ಸಿಕ್ಕರೆ ಎಷ್ಟು ಹಗುರ!

ಸಿಕ್ಕ ಮೊದಲ ದೊಡ್ಡ ಗುರುತು ಮಾತ್ರ ಬೇರೆಯೇ ಕಾಯಿಲೆಯದು. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವಾಂಡಾ ಲೆನನ್ ತಂಡ, ಎಂಎಸ್‌ನಂತೆಯೇ ಕಣ್ಣು, ಬೆನ್ನುಹುರಿಗಳನ್ನು ಕಾಡುವ ನ್ಯೂರೋಮೈಲೈಟಿಸ್ ಆಪ್ಟಿಕಾ ರೋಗಿಗಳ ರಕ್ತದಲ್ಲಿ ಒಂದು ಪ್ರತಿಕಾಯವನ್ನು ಕಂಡುಹಿಡಿಯಿತು. ಅದರ ಗುರಿ ಅಕ್ವಾಪೊರಿನ್-4, ಅಂದರೆ ಜೀವಕೋಶಕ್ಕೆ ನೀರು ಹೋಗಿಬರುವ ಬಾಗಿಲು ಎಂಬುದು ಮರುವರ್ಷ ಗೊತ್ತಾಯಿತು. ಇದು ಬರೀ ಹೆಸರಿನ ವ್ಯತ್ಯಾಸವಲ್ಲ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ ಈ ರೋಗವನ್ನು ಉಲ್ಬಣಿಸಬಹುದು, ದೃಷ್ಟಿಯೇ ಪಣಕ್ಕಿರುತ್ತದೆ.

ನಮ್ಮ ರಾಜ್ಯದಲ್ಲಿ ಈ ಕಥೆಯ ಮುಖ್ಯ ಊರು ಮಂಗಳೂರು. ಡಾ. ಲೇಖಾ ಪಂಡಿತ್ ಸಹೋದ್ಯೋಗಿಯೊಂದಿಗೆ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಗರದಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಎಂಎಸ್, 2ರಿಂದ 3 ಮಂದಿಗೆ ನ್ಯೂರೋಮೈಲೈಟಿಸ್ ಆಪ್ಟಿಕಾ. ಎಂಎಸ್ ಪಾಶ್ಚಾತ್ಯರ ಕಾಯಿಲೆ, ನಮ್ಮಲ್ಲಿಲ್ಲ ಎಂಬ ಹಳೆಯ ನಂಬಿಕೆಯನ್ನು ಈ ಎಣಿಕೆ ಅಲುಗಿಸಿತು. ಮುಂದೆ ಅವರ ತಂಡ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸಂಶೋಧಕರ ಜೊತೆಗೂಡಿ ದಕ್ಷಿಣ ಭಾರತದ ರೋಗಿಗಳ ರಕ್ತದಲ್ಲಿ ಇಂಥ ಪ್ರತಿಕಾಯಗಳನ್ನು ಹುಡುಕಿತು.

ಇಂದು ನ್ಯೂರೋಫಿಲಮೆಂಟ್ ಲೈಟ್ ಎಂಬ ಪ್ರೋಟೀನಿನ ಮೇಲೆ ಎಲ್ಲರ ಕಣ್ಣು. ನರತಂತು ಹಾನಿಗೊಂಡಾಗ ಅದು ರಕ್ತಕ್ಕೆ ಸೋರುತ್ತದೆ; ಚಿಕಿತ್ಸೆ ಫಲಿಸಿದರೆ ಇಳಿಯುತ್ತದೆ. ಆದರೆ ವಯಸ್ಸಾದಂತೆಯೂ ಏರುತ್ತದೆ, ಬೇರೆ ನರರೋಗಗಳಲ್ಲೂ ಏರುತ್ತದೆ. ಹಾನಿಯಾಗಿದೆ ಎನ್ನುತ್ತದೆಯೇ ಹೊರತು ಯಾವ ರೋಗದಿಂದ ಎನ್ನುವುದಿಲ್ಲ.

ಕೊಳದಿಂದ ಬಂದದ್ದು ಏನೇ ಇರಲಿ, ಅಜ್ಜಿ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ರಕ್ತದ ಗುರುತನ್ನು ಹಾಗೆ ಒತ್ತಿಕೊಳ್ಳುವಂತಿಲ್ಲ. ರೋಗಿಯ ಮಾತು, ಎಂಆರ್‌ಐ ಚಿತ್ರಗಳ ಪಕ್ಕದಲ್ಲಿಟ್ಟು ಅದನ್ನು ಮತ್ತೊಮ್ಮೆ ಪ್ರಶ್ನಿಸಬೇಕು.