ಸಗಣಿ ಬೆರೆಸಿದ ಮದ್ದು, ಠಸ್ಸೆ ಬಿದ್ದ ಬಂದೂಕು

ಕಿತ್ತೂರಿನ ಯುದ್ಧ ಅಂದ್ರೆ ನಮಗೆಲ್ಲ ನೆನಪಾಗೋದು ಒಂದೇ ದೃಶ್ಯ. 1824ರ ಅಕ್ಟೋಬರ್ 23, ಕೋಟೆಯ ಬಾಗಿಲು, ಧಾರವಾಡದ ಕಲೆಕ್ಟರ್ ಥ್ಯಾಕರೆ, ಅಮಟೂರು ಬಾಳಪ್ಪನ ಒಂದು ಗುಂಡು. ಥ್ಯಾಕರೆ ಬೀಳ್ತಾನೆ. ಶಾಲೆಯ ಗ್ಯಾದರಿಂಗ್ ನಾಟಕದಲ್ಲಿ ಪರದೆ ಅಲ್ಲಿಗೇ ಬೀಳ್ತದೆ.

ಅದರ ಮುಂದಿನ ಭಾಗ ಅಷ್ಟು ಖುಷಿಯದಲ್ಲ. ಡಿಸೆಂಬರ್ ಮೊದಲ ವಾರ ಕಂಪನಿ ಸರ್ಕಾರ ದೊಡ್ಡ ಸೈನ್ಯ, ದೊಡ್ಡ ತೋಪುಗಳ ಜತೆ ವಾಪಸ್ ಬಂತು. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಯಾಕೆ ಬಿತ್ತು ಅಂತ ನಮ್ಮ ದೊಡವಾಡದ ಕಡೆ ಯಾವ ಹಿರಿಯರನ್ನ ಕೇಳಿದರೂ ಉತ್ತರ ಒಂದೇ: "ಮದ್ದಿನ್ಯಾಗ ಸಗಣಿ ಕಲಸಿದ್ರು." ಮಲ್ಲಪ್ಪಶೆಟ್ಟಿ, ವೆಂಕಟರಾವ್ ಅನ್ನೋ ಎರಡು ಹೆಸರು ಆ ಉತ್ತರದ ಹಿಂದೆಯೇ ಬರ್ತವೆ. ಬೈಲಹೊಂಗಲ, ಕಿತ್ತೂರು ಸೀಮೆಯಲ್ಲಿ ಆ ಹೆಸರುಗಳು ಇವತ್ತಿಗೂ ಬೈಗುಳ.

ಜನ ಇದನ್ನ ದ್ರೋಹದ ಕಥೆ ಅಂತ ಹೇಳ್ತಾರೆ, ಸರಿ. ಹತ್ತು ವರ್ಷ ಟೆಸ್ಟಿಂಗ್ ಟೀಮಿನ ಜತೆ ಜಗಳಾಡಿಕೊಂಡು ಬಂದಿರೋ ನನಗೆ ಮಾತ್ರ ಅದರೊಳಗೆ ಇನ್ನೊಂದು ಪ್ರಶ್ನೆ ಕಾಣ್ತದೆ. ತೋಪಿನ ಮುಂದೆ ನಿಂತವನಿಗೆ ತನ್ನ ಕೈಗೆ ಬಂದ ಮದ್ದು ಸರಿಯಾಗಿದೆ ಅಂತ ಹೇಳುವವರು ಯಾರಿದ್ದರು?

ಕರಿಮದ್ದು ಮೂರೇ ಪದಾರ್ಥದ ಅಡುಗೆ. ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಅಳತೆ ತಪ್ಪಿದರೆ ಹೊಗೆ ಜಾಸ್ತಿ, ಹೊಡೆತ ಕಮ್ಮಿ. ಸ್ವಲ್ಪ ತೇವ ಹಿಡಿದರೂ ಹೊತ್ತೋದಿಲ್ಲ. ಇದರಲ್ಲೊಂದು ತಮಾಷೆ ಇದೆ. ಪೆಟ್ಲುಪ್ಪು ಸಿಗ್ತಿದ್ದದ್ದೇ ಹಳೇ ದನದ ಕೊಟ್ಟಿಗೆಗಳ ಮಣ್ಣಿನಿಂದ. ಸಗಣಿ, ಗಂಜಲ ವರ್ಷಗಟ್ಟಲೆ ಇಂಗಿದ ಮಣ್ಣನ್ನ ನೀರಲ್ಲಿ ಕಲಸಿ, ಸೋಸಿ, ಕುದಿಸಿ ಉಪ್ಪು ತೆಗೀತಿದ್ದರು. ಸರಿಯಾದ ಹಂತದಲ್ಲಿ ಸೇರಿದರೆ ಅದೇ ಸಗಣಿ ಮದ್ದಿಗೆ ಮೂಲ, ಕೊನೇ ಹಂತದಲ್ಲಿ ಸೇರಿದರೆ ಮದ್ದಿಗೆ ಮಣ್ಣು. ನೋಡೋದಕ್ಕೆ ಎರಡೂ ಕಪ್ಪೇ. ಹಚ್ಚಿ ನೋಡುವವರೆಗೆ ಗೊತ್ತಾಗೋದಿಲ್ಲ.

ಆ ಕಾಲದ ಹಳ್ಳಿಯಲ್ಲಿ ಬೇರೆ ಸಾಮಾನಿಗೆ ಗ್ಯಾರಂಟಿ ಇತ್ತು. ಅದರ ಹೆಸರು ಆಯ. ಕಮ್ಮಾರ, ಬಡಿಗ, ಸಮಗಾರ ಎಲ್ಲರೂ ಆಯಗಾರರು. ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳು ತಗೊಂಡು ಹೋಗೋರು. ಅದಕ್ಕೆ ಬದಲಾಗಿ ವರ್ಷವಿಡೀ ಕುಡಗೋಲು ಹಣಿಯೋದು, ಕುಂಟೆ, ಕೂರಿಗೆ ರಿಪೇರಿ ಮಾಡೋದು ಅವರ ಹೊಣೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ವಾರ್ಷಿಕ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್. (ಜಾತಿಯ ಕಟ್ಟು ಅದರೊಳಗೇ ಇತ್ತು, ಅದನ್ನ ಮರೆತು ಹೊಗಳೋದು ಬೇಡ.) ಆದರೆ ಒಂದು ಮಾತು ನಿಜ. ಕೂರಿಗೆ ಮುರಿದರೆ ಯಾರ ಮನೆ ಬಾಗಿಲಿಗೆ ಹೋಗಬೇಕು ಅನ್ನೋದು ಎಲ್ಲರಿಗೂ ಗೊತ್ತಿತ್ತು. ಬಾಯಿಯಿಂದ ಮದ್ದು ತುಂಬುವ ನಾಡಬಂದೂಕು ಕೆಟ್ಟರೂ ಅಷ್ಟೇ. ಒಳ್ಳೆ ಕಮ್ಮಾರನ ಕುಲುಮೆಯಲ್ಲೇ ಸರಿ ಹೋಗುವಂಥ ಸರಳ ಯಂತ್ರ ಅದು.

ಇದನ್ನ ಕಡಿದದ್ದು 1857. ಆ ದಂಗೆಯ ಕಿಡಿ ಕೂಡ ಒಂದು ಪ್ರಾಡಕ್ಟ್ ಕಂಪ್ಲೇಂಟೇ. ಹೊಸ ಎನ್‌ಫೀಲ್ಡ್ ಬಂದೂಕಿನ ತೋಟಾಕ್ಕೆ ಸವರಿದ ಕೊಬ್ಬು ಯಾವ ಪ್ರಾಣಿಯದು ಅಂತ ಸಿಪಾಯಿಗಳು ಕೇಳಿದರು. ಕೇಳಿದವರಿಗೆ ನಂಬುವಂಥ ಉತ್ತರ ಸಿಗಲಿಲ್ಲ. ದಂಗೆ ಎದ್ದ ಮೇಲೆ ಸರ್ಕಾರ ತಂದದ್ದು ನಿಶ್ಶಸ್ತ್ರೀಕರಣದ ಕಾಯ್ದೆ: ಆಯುಧ ಇದ್ದವರು ತಂದು ಒಪ್ಪಿಸಿ, ಇಲ್ಲಾ ಪರವಾನಗಿ ತಗೊಳ್ಳಿ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡೋದಿಲ್ಲ ಅಂದರು. 1857ರ ನವೆಂಬರ್ ಕೊನೆಗೆ ಬ್ರಿಟಿಷ್ ಪಡೆ ಊರಿಗೇ ಬೆಂಕಿ ಇಟ್ಟಿತು, ಸಿಕ್ಕವರನ್ನ ಗಲ್ಲಿಗೇರಿಸಿತು. ಆ ಲಾವಣಿ ಈಗಲೂ ಹಾಡ್ತಾರೆ. ಆರು ತಿಂಗಳ ನಂತರ, 1858ರ ಮೇ ತಿಂಗಳಲ್ಲಿ, ನಮ್ಮ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನ ನರಗುಂದದ ಬಾಬಾಸಾಹೇಬನ ಕಡೆಯವರು ಕೊಂದರು. ಇಂಥ ಸೀಮೆಯ ಜನರ ಕೈಯಲ್ಲಿ ಬಂದೂಕು ನೋಡಿದರೆ ಸರ್ಕಾರಕ್ಕೆ ಯಾಕೆ ನಿದ್ದೆ ಬರ್ತಿರಲಿಲ್ಲ ಅನ್ನೋದು ಅರ್ಥವಾಗ್ತದೆ.

1878ರಲ್ಲಿ ಲಿಟ್ಟನ್ ಕಾಲದ ಶಸ್ತ್ರ ಕಾಯ್ದೆ ಬಂತು. ಇಟ್ಟುಕೊಳ್ಳೋದಕ್ಕಷ್ಟೇ ಅಲ್ಲ, ತಯಾರಿಗೆ, ಮಾರ್ಪಾಡಿಗೆ, ಮಾರಾಟಕ್ಕೂ ಲೈಸೆನ್ಸ್. ಕುಲುಮೆಗೂ ಬಂದೂಕಿಗೂ ಇದ್ದ ನಂಟು ಅಲ್ಲಿಗೆ ಮುಗೀತು. ಕೊಡವರಿಗೆ ಸಿಕ್ಕ ವಿನಾಯಿತಿ ನಮಗೆ ಸಿಗಲಿಲ್ಲ.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಏನು ನಡೀತಿತ್ತು? ಅಲ್ಲಿನ ಕಾನೂನು ಬಂದೂಕನ್ನೂ ಪರೀಕ್ಷೆ ಮಾಡ್ತಿತ್ತು. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲೇ ಸನದು ಸಿಕ್ಕಿತ್ತು, ಬರ್ಮಿಂಗ್‌ಹ್ಯಾಂನಲ್ಲಿ 1813ರ ಕಾಯ್ದೆಯಿಂದ ಪ್ರೂಫ್ ಹೌಸ್ ಎದ್ದಿತು. ಪ್ರತಿ ನಳಿಗೆಗೂ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸೋದು, ಸೀಳದಿದ್ದರೆ ಮುದ್ರೆ ಒತ್ತೋದು. ಮುದ್ರೆ ಇಲ್ಲದ್ದನ್ನ ಮಾರಿದರೆ ಅಪರಾಧ. ಅಲ್ಲಿ ಕೊಳ್ಳುವವನ ಪರವಾಗಿ ಬಂದೂಕಿಗೆ ಪರೀಕ್ಷೆ, ಇಲ್ಲಿ ಸರ್ಕಾರದ ಪರವಾಗಿ ಕೊಳ್ಳುವವನಿಗೆ ಪರೀಕ್ಷೆ.

ಈಗ ನಮ್ಮ ಕಾಕಾನ ವಿಷಯಕ್ಕೆ ಬರ್ತೀನಿ. ಅವರದು ಹೊಲದ ಮನೆ. ಸುತ್ತ ಕಬ್ಬು, ಆಚೆ ಜೋಳ. ರಾತ್ರಿ ಹಂದಿ ಕಾಟ. ಅಜ್ಜನ ಕಾಲದ ಜೋಡುನಳಿಗೆ ಬಂದೂಕಿನ ಮೇಲೆ ಬರ್ಮಿಂಗ್‌ಹ್ಯಾಂ ಮುದ್ರೆ ಇತ್ತು. ಅದು ಸವೆದು ಮೂಲೆ ಸೇರಿತು, ಕಾಕಾ ಅದನ್ನ ಕಾಯ್ದೆ ಪ್ರಕಾರ ಒಪ್ಪಿಸಿ ಹೊಸದು ತಂದರು. 1980ರ ದಶಕದಿಂದ ಆಮದು ಬಿಗಿಯಾಗಿರೋದರಿಂದ ಆಯ್ಕೆ ಮಾಡೋದಕ್ಕೆ ಹೆಚ್ಚೇನೂ ಇರೋದಿಲ್ಲ. ಅಂಗಡಿ, ಕಂಪನಿ ಹೆಸರು ಬೇಡ.

ಮೊದಲ ವಾರವೇ ಬಲಗಡೆ ನಳಿಗೆ ಠಸ್ಸೆ. ಕುದುರೆ ಒತ್ತಿದರೆ ಠಕ್ ಅಂತ ಸಪ್ಪಳ, ತೋಟಾದ ತಳದಲ್ಲಿ ಸೂಜಿ ತಾಗಿದ ಸಣ್ಣ ಗುಳಿ, ಅಷ್ಟೇ. ಹಾರಿದ ತೋಟಾ ಈಚೆ ಬರೋದಿಲ್ಲ, ಚಾಕುವಿನಿಂದ ಮೀಟಬೇಕು. ಹಿಡಿಕೆಯ ಸ್ಕ್ರೂ ಸಡಿಲ. ಇದರಲ್ಲಿ ನಗೋದಕ್ಕೆ ಏನಿಲ್ಲ. ಠಸ್ಸಾದ ತೋಟಾ ಕೆಲವೊಮ್ಮೆ ಕೆಲವು ಸೆಕೆಂಡು ತಡವಾಗಿ ಸಿಡೀತದೆ. ಬಾಯಿಯನ್ನ ಖಾಲಿ ಕಡೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಕತ್ತಲಲ್ಲಿ, ಹಂದಿ ಎದುರಿಗೆ ಬಂದಾಗ, ಅರವತ್ತು ದಾಟಿದ ಮನುಷ್ಯ ಅರ್ಧ ನಿಮಿಷ ಎಣಿಸ್ತಾ ನಿಲ್ತಾನಾ?

ಅಂಗಡಿಯವರು ಫ್ಯಾಕ್ಟರಿಗೆ ಕಳಿಸಬೇಕು ಅಂದರು. ನಾನು ಬೆಂಗಳೂರಿನಿಂದ ಫ್ಯಾಕ್ಟರಿಗೆ ಫೋನ್ ಹಚ್ಚಿದರೆ ಡೀಲರನ್ನ ಕೇಳಿ ಅಂದರು. ಮೂರು ಇ-ಮೇಲ್‌ಗೆ ಉತ್ತರವಿಲ್ಲ. ನಾಲ್ಕು ತಿಂಗಳಿಗೆ ಬಂದೂಕು ವಾಪಸ್ ಬಂತು, ಜತೆಗೆ ಒಂದು ಚೀಟಿ: 'ಚೆಕ್ಡ್, ಓಕೆ.' ನಮ್ಮ ಆಫೀಸಿನಲ್ಲಿ 'ನನ್ನ ಮಷಿನ್‌ನಲ್ಲಿ ಓಡ್ತದಲ್ಲ' ಅಂತಾರಲ್ಲ, ಅದೇ. ಬಲಗಡೆ ಮತ್ತೆ ಠಸ್ಸೆ. ಅಷ್ಟರಲ್ಲಿ ಚುನಾವಣೆ ಬಂತು, ಬಂದೂಕು ಠಾಣೆಗೆ ಜಮಾ ಆಯ್ತು. ಕಾಕಾ ಅಂದರು, "ತಮ್ಮಾ, ಇದು ನನ್ನ ಮನ್ಯಾಗ ಇದ್ದದ್ದಕ್ಕಿಂತ ಬ್ಯಾರೆಯವರ ಕಡೆ ಇದ್ದದ್ದ ಹೆಚ್ಚು ನೋಡು."

ಮೊಬೈಲ್ ಆಗಿದ್ದರೆ ಪಕ್ಕದ ಅಂಗಡಿಗೆ ಹೋಗ್ತಿದ್ದಿರಿ. ಇಲ್ಲಿ ಆ ದಾರಿ ಇಲ್ಲ. 1959ರ ಶಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದವನು ಬಂದೂಕನ್ನ ರಿಪೇರಿ ಮಾಡೋದೂ ಅಪರಾಧ. ಊರಿನ ಕಮ್ಮಾರ ಸೂಜಿ ಬದಲಿಸಿದರೆ ಅವನೂ ಜೈಲಿಗೆ. ಅಮೆಜಾನ್ ಡಬ್ಬಿಯ ಹಾಗೆ ವಾಪಸ್ ಕಳಿಸೋ ಹಾಗಿಲ್ಲ, ಬಂದೂಕಿನ ನಂಬರು ಲೈಸೆನ್ಸ್ ಪುಸ್ತಕದಲ್ಲಿ ಕೂತಿರ್ತದೆ. ಪ್ರೂಫ್ ಟೆಸ್ಟ್ ನಮ್ಮಲ್ಲೂ ಇದೆ, ನಿಜ. ಆದರೆ ಅದು ನಳಿಗೆ ಸೀಳೋದಿಲ್ಲ ಅಂತ ಹೇಳ್ತದೆಯೇ ಹೊರತು ಸೂಜಿ ಸರಿಯಾಗಿ ಬಡೀತದೆ, ತೋಟಾ ಸಲೀಸಾಗಿ ಹೊರಗೆ ಬರ್ತದೆ ಅಂತಲ್ಲ.

ಬಂದೂಕಿಗೆ ಬಿಗಿ ಕಾನೂನು ಬೇಡ ಅಂತ ನಾನು ಹೇಳ್ತಿಲ್ಲ. ಬೇಕು. ಆದರೆ ಗ್ರಾಹಕನಿಗೆ ಬೇರೆ ಯಾವ ಬಾಗಿಲೂ ಇಲ್ಲದಂತೆ ಮಾಡೋ ಕಾನೂನು, ಮಾರುವವನ ಹೊಣೆಯನ್ನ ಅಷ್ಟೇ ಹೆಚ್ಚು ಮಾಡಬೇಕಲ್ಲ?

ಒಂದು ಬಾಗಿಲು ಮಾತ್ರ ತೆರೆದಿದೆ. ದೋಷವಿರುವ ಸರಕಿನ ಬಗ್ಗೆ ಕೇಳುವ ಹಕ್ಕು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ ಬಂತು. 2019ರ ಹೊಸ ಕಾಯ್ದೆ ಅದನ್ನ ಇನ್ನಷ್ಟು ಹತ್ತಿರ ತಂದಿದೆ: ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಬಂದೂಕು ವಿಶೇಷ ಸಾಮಾನು, ನಮಗೆ ಅನ್ವಯಿಸೋದಿಲ್ಲ ಅಂತ ಯಾರಾದರೂ ಹೇಳಿದರೆ ಬೀಜದ ಕಥೆ ನೆನಪಿಡಿ. ಬೀಜಕ್ಕೆ ಪ್ರತ್ಯೇಕ ಕಾಯ್ದೆ ಇದೆ, ರೈತರು ಗ್ರಾಹಕ ನ್ಯಾಯಾಲಯಕ್ಕೆ ಬರೋ ಹಾಗಿಲ್ಲ ಅಂತ ರಾಷ್ಟ್ರೀಯ ಬೀಜ ನಿಗಮ ಸುಪ್ರೀಂ ಕೋರ್ಟಿನವರೆಗೆ ವಾದಿಸಿತ್ತು. 2012ರಲ್ಲಿ ಕೋರ್ಟು ಆ ವಾದವನ್ನ ಒಪ್ಪಲಿಲ್ಲ. ಕಳಪೆ ಬೀಜ ಕೊಂಡ ರೈತನೂ ಗ್ರಾಹಕನೇ ಅಂತು.

ಕಾಕಾನ ದೂರಿನ ಅರ್ಜಿ ನಾನೇ ಟೈಪ್ ಮಾಡಿದ್ದೀನಿ, ಬೆಳಗಾವಿಯ ಆಯೋಗಕ್ಕೆ. ಬಿಲ್ಲು, ಲೈಸೆನ್ಸಿನ ಪ್ರತಿ, 'ಚೆಕ್ಡ್, ಓಕೆ' ಚೀಟಿ, ಇ-ಮೇಲ್‌ಗಳ ಪ್ರಿಂಟು ಎಲ್ಲ ಲಗತ್ತಿಸಿದ್ದಾಯ್ತು. ಸಾಕ್ಷಿ ಏನಾದರೂ ಇದೆಯಾ ಅಂತ ವಕೀಲರು ಕೇಳಿದರು. ಕಾಕಾ ಠಸ್ಸಾದ ಏಳು ತೋಟಾಗಳನ್ನ ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದರು, ಒಂದೊಂದರ ಮೇಲೂ ತಾರೀಖು ಬರೆದ ಚೀಟಿ ಅಂಟಿಸಿ. ಎರಡು ಕಾಲೇಜು, ಮೂರು ಕಂಪನಿ ದಾಟಿ ಬಂದ ನಾನೂ ಅಷ್ಟು ಒಳ್ಳೆ ಬಗ್ ರಿಪೋರ್ಟ್ ನೋಡಿಲ್ಲ.